ಮೊದಲ ಹನ್ನೆರಡು ಮಂದಿ ನಮ್ಮೂರಿನವರಾಗಲಿ

ಬೆಂಜನಪದವಿನಲ್ಲೋ ಮಿಜಾರಿನಲ್ಲೋ ಉಜಿರೆಯಲ್ಲೋ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಹೊಸ ಆ್ಯಪ್ ಒಂದನ್ನು ಕಟ್ಟಿದಳು ಎಂದುಕೊಳ್ಳಿ. ಜಾಲತಾಣಗಳನ್ನು ಒಬ್ಬೊಬ್ಬರೇ ನೋಡುವ ಬದಲು ಗೆಳೆಯರೆಲ್ಲ ಒಟ್ಟಿಗೆ ನೋಡುವುದು, ಓದುತ್ತಿರುವ ಪುಟದ ಅಂಚಿನಲ್ಲೇ ಟಿಪ್ಪಣಿ ಬರೆಯುವುದು, ಯಾರಿಗೆ ಯಾವ ಬರಹ ಮೆಚ್ಚಿಗೆಯಾಯಿತೆಂದು ಪರಸ್ಪರ ತಿಳಿಸುವುದು, ಇದು ಅವಳ ಆ್ಯಪಿನ ಕೆಲಸ, ಒಂದು ಬಗೆಯ ಸಾಮಾಜಿಕ ಬ್ರೌಸರ್. ಕೋಡ್ ಬರೆದು ಮುಗಿಯಿತು. 25 ಡಾಲರ್ ಕಟ್ಟಿ ಗೂಗಲ್ ಪ್ಲೇಯಲ್ಲಿ ಖಾತೆಯನ್ನೂ ತೆರೆದಳು. ಆದರೂ ಆ್ಯಪ್ ಅಂಗಡಿಗೆ ಏರುವುದಿಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಗೂಗಲ್ ಒಂದು ಷರತ್ತು ಇಟ್ಟಿದೆ: ಸಾರ್ವಜನಿಕರಿಗೆ ಕೊಡುವ ಮೊದಲು ಪರೀಕ್ಷಕರ ಗುಂಪೊಂದು ಸತತ 14 ದಿನ ಆ್ಯಪಿನ ಪರೀಕ್ಷೆಯಲ್ಲಿ ಇರಬೇಕು. ಆರಂಭದಲ್ಲಿ 20 ಮಂದಿ ಬೇಕೆಂದರು. 2024ರ ಡಿಸೆಂಬರಿನಲ್ಲಿ ಅದನ್ನು 12ಕ್ಕೆ ಇಳಿಸಿದರು. ಹದಿನಾಲ್ಕು ದಿನ ಕಳೆದ ಮೇಲೂ ಪರೀಕ್ಷಕರು ಏನು ಹೇಳಿದರು, ನೀವು ಏನು ತಿದ್ದಿದಿರಿ ಎಂದು ಕೇಳುತ್ತಾರೆ.

ಹನ್ನೆರಡು ಮಂದಿ ಎಂದರೆ ದೊಡ್ಡ ಸಂಖ್ಯೆ ಏನಲ್ಲ. ಒಂದೇ ತರಗತಿಯ ಎರಡು ಬೆಂಚಿನಲ್ಲಿ ಸಿಕ್ಕಾರು. ಅಲ್ಲೇ ತೊಂದರೆ ಇರುವುದು. ಎರಡು ಬೆಂಚಿನವರು ಒಂದೇ ವಯಸ್ಸಿನವರು, ಒಂದೇ ವೈಫೈ ಬಳಸುವವರು, ಹೆಚ್ಚುಕಡಿಮೆ ಒಂದೇ ಬೆಲೆಯ ಫೋನ್ ಹಿಡಿದವರು. ಅವರು ಆ್ಯಪ್ ಹಾಕಿಕೊಂಡು, ಒಂದು ಸಲ ತೆರೆದು, 'ಸೂಪರ್ ಉಂಟು ಮಾರಾಯ್ತಿ' ಎಂದು ಹೇಳಿ ಮರೆಯುತ್ತಾರೆ. ಷರತ್ತು ಪೂರೈಸುತ್ತದೆ, ಆ್ಯಪ್ ಮಾತ್ರ ಇದ್ದಲ್ಲೇ ಇರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತರುಣ ತರುಣಿಯರೇ, ನಿಮ್ಮೊಡನೆ ಮಾತಾಡಬೇಕಾದದ್ದು ಈ ಹನ್ನೆರಡು ಸ್ಥಾನಗಳ ಬಗ್ಗೆ. ಅವನ್ನು ಲಘುವಾಗಿ ಕಾಣಬೇಡಿ. ತಂತ್ರಜ್ಞಾನದಲ್ಲಿ ಮೊದಲ ಪರೀಕ್ಷಕರ ಸ್ಥಾನಕ್ಕಿಂತ ಹೆಚ್ಚು ಅಧಿಕಾರವಿರುವ ಜಾಗ, ಹಣವಿಲ್ಲದ ಯುವಕರಿಗೆ, ಇನ್ನೊಂದಿಲ್ಲ.

ಯಾಕೆ ಅಧಿಕಾರ ಎನ್ನುತ್ತೇನೆಂದರೆ, ಆ್ಯಪ್ ಲಕ್ಷ ಜನರ ಕೈಗೆ ಹೋದಮೇಲೆ ಅದರ ಸ್ವಭಾವ ಬದಲಾಗುವುದಿಲ್ಲ. ಯಾವ ಭಾಷೆ ಮೊದಲು ಬರಬೇಕು, ಯಾವ ಫೋನಿನಲ್ಲಿ ಓಡಬೇಕು, ನೆಟ್‌ವರ್ಕ್ ಇಲ್ಲದಾಗ ಏನಾಗಬೇಕು, ಇವೆಲ್ಲ ಮೊದಲ ಕೆಲವು ವಾರಗಳಲ್ಲಿ, ಮೊದಲ ಕೆಲವರ ಮಾತಿನಿಂದ ತೀರ್ಮಾನವಾಗುತ್ತವೆ. ಆಗ ಅಲ್ಲಿ ನಾವು ಇರದಿದ್ದರೆ ಮುಂದೆ ಹತ್ತು ವರ್ಷ 'ಕನ್ನಡ ಯಾಕಿಲ್ಲ' ಎಂದು ಅರ್ಜಿ ಹಾಕುತ್ತ ಕೂರಬೇಕಾಗುತ್ತದೆ. ಹಾಗೆ ಕಾದದ್ದು ನಮಗೆ ಗೊತ್ತಿದೆ. ಆಂಡ್ರಾಯ್ಡ್ ಫೋನಿನೊಳಗೇ ಕನ್ನಡ ಅಕ್ಷರಗಳಿಗೆ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಎಷ್ಟೋ ಫೋನುಗಳಲ್ಲಿ ನಮ್ಮ ಭಾಷೆ ಎಂದರೆ ಖಾಲಿ ಚೌಕಗಳ ಸಾಲು.

ಜಾಲಲೋಕದ ಇತಿಹಾಸದಲ್ಲಿ ಚಿಕ್ಕವರ ಪಾಲು ದೊಡ್ಡದು. ಟಿಮ್ ಬರ್ನರ್ಸ್-ಲೀ 1990ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಮೊದಲ ಬ್ರೌಸರ್ ಬರೆದಾಗ ಅದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. ಬೇರೆ ಯಾವ ಯಂತ್ರದಲ್ಲೂ ಓಡಬಲ್ಲ ಸರಳ ಬ್ರೌಸರ್ ಬರೆದವಳು ನಿಕೋಲಾ ಪೆಲೊ. ಇಂಗ್ಲೆಂಡಿನ ಲೆಸ್ಟರ್ ಪಾಲಿಟೆಕ್ನಿಕ್‌ನಿಂದ ತರಬೇತಿಗೆಂದು ಅಲ್ಲಿಗೆ ಬಂದಿದ್ದ ಗಣಿತದ ವಿದ್ಯಾರ್ಥಿನಿ. ವೆಬ್ ಎಂಬುದು ಒಂದು ಪ್ರಯೋಗಾಲಯದ ಗೋಡೆ ದಾಟಿದ್ದರಲ್ಲಿ ಆ ವಿದ್ಯಾರ್ಥಿನಿಯ ಕೈ ಇದೆ. 2004ರ ನವೆಂಬರ್ 9ರಂದು ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಹೊರಬಂದಾಗ ಅದನ್ನು ಆರಂಭಿಸಿದವರಲ್ಲಿ ಒಬ್ಬನಾದ ಬ್ಲೇಕ್ ರಾಸ್‌ಗೆ ಹತ್ತೊಂಬತ್ತು ವರ್ಷ. ಅದಕ್ಕೂ ಎರಡು ವರ್ಷ ಮೊದಲಿನಿಂದ ಅರೆಬೆಂದ ಆವೃತ್ತಿಗಳನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ದೋಷ ವರದಿ ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಸಂಬಳ ಪಡೆದವರಲ್ಲ, ಬಳಕೆದಾರರೇ.

ಒಟ್ಟಿಗೆ ಬ್ರೌಸ್ ಮಾಡುವ ಆಸೆಯೂ ಹೊಸತಲ್ಲ. ಅಮೆರಿಕದಲ್ಲಿ ಫ್ಲಾಕ್ ಎಂಬ ಬ್ರೌಸರ್ ಬಂತು, 2011ರಲ್ಲಿ ನಿಂತಿತು. ರಾಕ್‌ಮೆಲ್ಟ್ 2010ರಲ್ಲಿ ಬಂತು, 2013ರಲ್ಲಿ ಯಾಹೂ ಪಾಲಾಯಿತು. ನಮ್ಮ ಬೆಂಗಳೂರಿನಲ್ಲೇ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ 2010ರ ಜುಲೈಯಲ್ಲಿ ಎಪಿಕ್ ಎಂಬ ಬ್ರೌಸರ್ ತಂದಿತು. ಅದರ ಪಕ್ಕದ ಪಟ್ಟಿಯಲ್ಲಿ ಫೇಸ್‌ಬುಕ್, ಆರ್ಕುಟ್, ಟ್ವಿಟರ್ ಇದ್ದವು. ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಸೌಲಭ್ಯವೂ ಇತ್ತು. ಕೆಲವು ವರ್ಷಗಳ ಬಳಿಕ ಆ ಕಂಪನಿ ದಾರಿ ಬದಲಿಸಿ, ಅದೇ ಹೆಸರಿನ ಬ್ರೌಸರನ್ನು ಖಾಸಗಿತನ ಕಾಯುವ ಸಾಧನವಾಗಿ ಮತ್ತೆ ಕಟ್ಟಿತು. ಇವು ಸೋತವು ಎಂದು ಯಾರಾದರೂ ನಿಮ್ಮನ್ನು ಹಿಂದಕ್ಕೆಳೆದರೆ ಕಿವಿಗೊಡಬೇಡಿ. ನನ್ನ ಅಭಿಪ್ರಾಯದಲ್ಲಿ ಆ ಕಲ್ಪನೆ ಕೆಟ್ಟದಾಗಿರಲಿಲ್ಲ. ಎಲ್ಲರಿಗೂ ಒಗ್ಗುವಂಥದ್ದನ್ನು ಒಂದೇ ಸಲಕ್ಕೆ ಕೊಡಲು ಹೊರಟರು, ಒಂದು ಊರಿನ ಒಂದು ಗುಂಪಿಗೆ ಅದು ನಿಜವಾಗಿ ಬೇಕೇಬೇಕು ಎನಿಸುವಂತೆ ಮಾಡುವ ಕೆಲಸ ಬಾಕಿ ಉಳಿಯಿತು. ಆ ಕೆಲಸಕ್ಕೆ ನಮ್ಮ ಮೂರು ತಾಲೂಕುಗಳಿಗಿಂತ ಒಳ್ಳೆಯ ಜಾಗ ನನಗೆ ಹೊಳೆಯುವುದಿಲ್ಲ.

ಬರೀ ಊರ ಅಭಿಮಾನದ ಮಾತಲ್ಲ ಇದು. ಹಿಂದೆ ಮಾಡಿ ತೋರಿಸಿದವರು ಈ ಸೀಮೆಯಲ್ಲಿ ಇದ್ದಾರೆ. ನೀವು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಕೀಲಿಮಣೆಯ ವಿನ್ಯಾಸ, ಮುಂದೆ ಸರಕಾರವೂ ಒಪ್ಪಿಕೊಂಡ ವಿನ್ಯಾಸ, ಗುರುಪುರ ಕೈಕಂಬದ ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ.ರಾವ್ ಅವರದು. ತಾವು ಬರೆದ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ಈ ಜಿಲ್ಲೆಯ ಮಹಾ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರಿಗೆ ಸಲ್ಲಿಸಿದ ಗೌರವ ಅದು. ಅದನ್ನು ಹಣ ಪಡೆಯದೆ ಕೊಟ್ಟರು. ಭಾಭಾ ಅಣುಶಕ್ತಿ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ.ಪವನಜ 1996ರಲ್ಲೇ 'ವಿಶ್ವಕನ್ನಡ' ಜಾಲತಾಣ ತೆರೆದರು, ಕನ್ನಡದ ಮೊದಲ ಜಾಲತಾಣವೆಂದು ಹೆಸರಾದದ್ದು ಅದೇ. ಇವರ ಕೆಲಸ ಇವತ್ತು ನಿಮ್ಮ ಬೆರಳ ತುದಿಯಲ್ಲಿ ನಿತ್ಯ ನಡೆಯುತ್ತಿದೆ.

ಆದರೆ ನಿಮ್ಮ ವಯಸ್ಸಿನವರೂ ಸೇರಿ ಮಾಡಿದ ಕೆಲಸವೊಂದು ನನಗೆ ಇದಕ್ಕಿಂತ ಹತ್ತಿರದ್ದು: ತುಳು ವಿಕಿಪೀಡಿಯ. ಹೊಸ ಭಾಷೆಯ ವಿಕಿಪೀಡಿಯ ಬೇಕೆಂದು ಕೇಳಿದ ಕೂಡಲೇ ಕೊಡುವುದಿಲ್ಲ. ಮೊದಲು ಇನ್‌ಕ್ಯುಬೇಟರ್ ಎಂಬ ಪರೀಕ್ಷಾಂಗಣದಲ್ಲಿ ಬರೆಯಬೇಕು. ಒಂದೆರಡು ದಿನದ ಉತ್ಸಾಹ ಅಲ್ಲಿ ಲೆಕ್ಕಕ್ಕಿಲ್ಲ. ತಿಂಗಳಾನುಗಟ್ಟಲೆ ಬೇರೆಬೇರೆ ಜನ ಬಿಡದೆ ಬರೆಯುತ್ತಿದ್ದಾರೆಯೇ ಎಂದು ನೋಡುತ್ತಾರೆ. 'ಉಳಿಸು', 'ಸಂಪಾದಿಸು', 'ಹುಡುಕು' ಎಂಬಂಥ ತೆರೆಯ ಮೇಲಿನ ಪದಗಳೆಲ್ಲ ಆ ಭಾಷೆಗೆ ಬಂದಿರಬೇಕು. ತುಳು ಅಲ್ಲಿ ಸುಮಾರು ಎಂಟು ವರ್ಷ ಕಾಯಿತು. ಕಾರ್ಯಾಗಾರಗಳು ನಡೆದವು. 2016ರ ಆಗಸ್ಟ್‌ನಲ್ಲಿ ಚಂಡೀಗಢದಲ್ಲಿ ನಡೆದ ವಿಕಿ ಸಮ್ಮೇಳನದಲ್ಲಿ ವಿಕಿಮೀಡಿಯ ಪ್ರತಿಷ್ಠಾನದ ಕಾರ್ಯನಿರ್ವಾಹಕ ನಿರ್ದೇಶಕಿ ಕ್ಯಾಥರೀನ್ ಮೆಹರ್ ತುಳು ವಿಕಿಪೀಡಿಯ ಜೀವಂತವಾಯಿತೆಂದು ಘೋಷಿಸಿದರು. ಕರಾವಳಿ ವಿಕಿಮೀಡಿಯನ್ಸ್ ಬಳಗವೂ ಕೂಡಿಬಂತು, ಉಜಿರೆಯ ಎಸ್.ಡಿ.ಎಂ. ಕಾಲೇಜು ಮತ್ತು ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ವಿಕಿಪೀಡಿಯ ಸಂಘಗಳೂ ಹುಟ್ಟಿಕೊಂಡವು.

ಆ ಘೋಷಣೆಯ ಅರ್ಥವೇನೆಂದು ಸ್ವಲ್ಪ ಯೋಚಿಸಿ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಜಾಗ ಸಿಗದ ಭಾಷೆಯೊಂದಕ್ಕೆ ಜಗತ್ತಿನ ವಿಶ್ವಕೋಶದಲ್ಲಿ ಜಾಗ ಕೊಡಿಸಿದವರು ಪರೀಕ್ಷಾಂಗಣದಲ್ಲಿ ಬೇಸರವಿಲ್ಲದೆ ಕೂತವರು. ಅವರು ಮಂತ್ರಿಗಳಾಗಿರಲಿಲ್ಲ, ಉದ್ಯಮಿಗಳಾಗಿರಲಿಲ್ಲ. ಕೆಲಸ ಅಲ್ಲಿಗೆ ಮುಗಿದಿಲ್ಲ ಕೂಡ. 2024ರ ಜೂನಿನಲ್ಲಿ ಗೂಗಲ್ ತನ್ನ ಅನುವಾದ ಸೇವೆಗೆ ಒಂದೇ ಬಾರಿಗೆ 110 ಭಾಷೆಗಳನ್ನು ಸೇರಿಸಿದಾಗ ಅದರಲ್ಲಿ ತುಳುವೂ ಇತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ 80 ಸಂಕೇತಗಳು ದೊರೆತವು. ಇನ್ನು ಆ ಲಿಪಿಗೆ ಫಾಂಟ್ ಬೇಕು, ಕೀಲಿಮಣೆ ಬೇಕು, ಅದು ಬ್ರೌಸರಿನಲ್ಲಿ ಸರಿಯಾಗಿ ಮೂಡುತ್ತದೆಯೇ ಎಂದು ನೋಡುವ ಕಣ್ಣು ಬೇಕು. ಅನುವಾದದಲ್ಲಿ ಬಂದ ತುಳು ಬೆಳ್ತಂಗಡಿಯ ಅಜ್ಜಿಯ ಬಾಯಲ್ಲಿ ಬರುವ ತುಳುವೇ ಎಂದು ಹೇಳುವವರು ಬೇಕು. ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ಪ್ರತಿಭೆ ಇದ್ದರೂ ಈ ಉತ್ತರ ಅಲ್ಲಿ ಸಿಗುವುದಿಲ್ಲ.

ಈಗ ಕೈಗೆ ಬಂದ ಹೊಸ ಸಾಮಾಜಿಕ ಬ್ರೌಸರನ್ನು ಹೇಗೆ ಪರೀಕ್ಷಿಸುತ್ತೀರಿ? ಮೊದಲು ಅದರಲ್ಲಿ 'ರ್‍ಯಾಂಕ್' ಎಂದು ಟೈಪ್ ಮಾಡಿ ಗೆಳೆಯನಿಗೆ ಕಳಿಸಿ. ರಕಾರ ಪೂರ್ತಿ ಕಾಣಬೇಕಾದರೆ ಅಕ್ಷರಗಳ ನಡುವೆ ಕಣ್ಣಿಗೆ ಬೀಳದ ಸಂಕೇತವೊಂದು ಇರಬೇಕಾಗುತ್ತದೆ. ಕನ್ನಡ ಅರಿಯದ ಪ್ರೋಗ್ರಾಮರ್ ಅದನ್ನು ಕಸವೆಂದು ತಿಳಿದು ಅಳಿಸುವ ಕೋಡ್ ಬರೆದಿರುತ್ತಾನೆ. ಆಗ ಆಚೆ ಕಡೆ ತಲುಪುವುದು ಅರ್ಕಾವತ್ತು ಹೊತ್ತ ಬೇರೆಯದೇ ಪದ. 'ಬಿ.ಸಿ.ರೋಡ್‌ನಲ್ಲಿ' ಎಂದು ಬರೆಯಿರಿ. ಅಲ್ಲೂ ಅಂಥದೇ ಇನ್ನೊಂದು ಅದೃಶ್ಯ ಸಂಕೇತವಿದೆ. ಅದು ಕಳಚಿದರೆ ಡಕಾರದ ಕೆಳಗೆ ನಕಾರ ಒತ್ತಾಗಿ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ಎತ್ತರಕ್ಕೆ ಅಳೆದ ಬಟನ್ನಿನೊಳಗೆ 'ರಾಷ್ಟ್ರ', 'ವೈಶಿಷ್ಟ್ಯ' ಎಂಬ ಪದ ಹಾಕಿ ನೋಡಿ, ಒತ್ತಕ್ಷರದ ಕಾಲು ಕತ್ತರಿಸಿಹೋದೀತು. ಅಳಿಸುವ ಗುಂಡಿ ಒತ್ತಿದರೆ ಒಂದು ಗುಣಿತ ಹೋಗುತ್ತದೋ, ಇಡೀ ಅಕ್ಷರ ಹೋಗುತ್ತದೋ? ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಪದದ ಕೊನೆಯ ಅರ್ಧ ಉಕಾರವನ್ನು ಒಬ್ಬರು ಹಾಗೆ, ಇನ್ನೊಬ್ಬರು ಹೀಗೆ ಬರೆಯುತ್ತಾರೆ. ಹುಡುಕಿದರೆ ಎರಡೂ ಸಿಗುತ್ತವೆಯೇ? ಪಾಣೆಮಂಗಳೂರಿನ ಬ್ಯಾರಿ ಹುಡುಗ, ವಿಟ್ಲದ ಹವ್ಯಕ ಹುಡುಗಿ, ಮಡಂತ್ಯಾರಿನ ಕೊಂಕಣಿ ಮನೆಯವರು ಒಂದೇ ಗುಂಪಿನಲ್ಲಿ ಕನ್ನಡ, ತುಳು, ಇಂಗ್ಲಿಷ್ ಬೆರೆಸಿ ಬರೆದರೆ ಆ್ಯಪ್ ಇದು ಯಾವ ಭಾಷೆ ಎಂದು ತಿಳಿಯುತ್ತದೆ? ತಪ್ಪಾಗಿ ತಿಳಿದು, ಬೈಗುಳವೆಂದು ಮರೆಮಾಚುತ್ತದೆಯೇ?

ಧವಲಾ, ಜಯಧವಲಾ ಎಂಬ ಜೈನ ಗ್ರಂಥಗಳ ತಾಳೆಗರಿಗಳನ್ನು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಊರು ಮೂಡುಬಿದಿರೆ. ಒಂದು ಅಕ್ಷರ ಕಳೆದುಹೋದರೆ ಏನೆಲ್ಲ ಕಳೆಯುತ್ತದೆಂದು ಆ ಊರಿನ ಮಕ್ಕಳಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಭಾಷೆಯಷ್ಟೇ ಮುಖ್ಯವಾದದ್ದು ನಮ್ಮ ನೆಲ. ಬೆಂಗಳೂರಿನ ಕಚೇರಿಯಲ್ಲಿ ಕೂತು ನೆಟ್‌ವರ್ಕ್ ಹೋಗುವುದನ್ನು ಕೃತಕವಾಗಿ ನಟಿಸಿ ಪರೀಕ್ಷೆ ಮಾಡುತ್ತಾರೆ. ನಿಮಗೆ ಆ ನಟನೆಯ ಅಗತ್ಯವಿಲ್ಲ. ಉಜಿರೆಯಿಂದ ಕಕ್ಕಿಂಜೆ ದಾಟಿ ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲಿ ಆ್ಯಪ್ ತೆರೆದಿಟ್ಟುಕೊಳ್ಳಿ. ತಿರುವಿನಲ್ಲಿ ಸಿಗ್ನಲ್ ಹೋದಾಗ ಬರೆಯುತ್ತಿದ್ದ ಟಿಪ್ಪಣಿ ಉಳಿಯಿತೇ? ಮೇಲೆ ಕೊಟ್ಟಿಗೆಹಾರದಲ್ಲಿ ಸಿಗ್ನಲ್ ಬಂದಾಗ ಒಂದೇ ಟಿಪ್ಪಣಿ ಮೂರು ಸಲ ಹೋಯಿತೇ? ಕೊರೊನಾ ಕಾಲದಲ್ಲಿ ಘಟ್ಟದ ಬುಡದ ಊರುಗಳ ಮಕ್ಕಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ ಕೂತದ್ದನ್ನು ನೀವು ಕಂಡಿದ್ದೀರಿ, ನಿಮ್ಮಲ್ಲೇ ಕೆಲವರು ಹಾಗೆ ಕೂತವರು. ಆ ಅನುಭವ ಇಲ್ಲದವರು ಬರೆದ ಆ್ಯಪ್‌ಗಳು ಆ ಮಕ್ಕಳನ್ನು ಎಷ್ಟು ಕಾಡಿದವೆಂಬುದೂ ನಿಮಗೆ ಗೊತ್ತು.

ನಿಮ್ಮ ಹನ್ನೆರಡು ಮಂದಿಯನ್ನು ಆರಿಸುವಾಗ ಕಾಲೇಜಿನ ಗೇಟು ದಾಟಿ ಬನ್ನಿ. ಬೀಡಿ ಕಟ್ಟುತ್ತಲೇ ಯೂಟ್ಯೂಬ್ ಕೇಳುವ ಅತ್ತೆ, ಅಡಿಕೆ ಧಾರಣೆಗಾಗಿ ದಿನಾ ಮೂರು ತಾಣ ತೆರೆಯುವ ಕೃಷಿಕ, ಬಂಟ್ವಾಳ ಪೇಟೆಯ ಅಂಗಡಿಯಾತ, ನಿವೃತ್ತ ಮೇಷ್ಟ್ರು, ನಾಲ್ಕು ವರ್ಷ ಹಳೆಯ ಫೋನಿನಲ್ಲೇ ಎಲ್ಲ ನಡೆಸುವ ರಿಕ್ಷಾ ಚಾಲಕ. ಕಣ್ಣು ಕಾಣದ ಒಬ್ಬರಾದರೂ ಅದರಲ್ಲಿ ಇರಲೇಬೇಕು. ತೆರೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕನ್ನಡದಲ್ಲಿ ಬಟನ್ನುಗಳ ಹೆಸರು ಹೇಳುತ್ತದೋ, ಬರೀ 'ಬಟನ್, ಬಟನ್' ಎನ್ನುತ್ತದೋ ಎಂದು ಅವರೇ ತಿಳಿಸಬೇಕು. ಇವರ ಪಕ್ಕದಲ್ಲಿ ಕೂತು ಸುಮ್ಮನೆ ನೋಡಿ. 'ಇಲ್ಲಿ ಒತ್ತಿ' ಎಂದು ಬಾಯಿ ಹಾಕಬೇಡಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ಆ್ಯಪ್ ತಪ್ಪಿದೆ, ಅವರು ತಪ್ಪಿಲ್ಲ.

ಆಮೇಲೆ ಬರೆಯಿರಿ. 'ಕೆಲಸ ಮಾಡ್ತಾ ಇಲ್ಲ' ಎಂಬ ವರದಿಯಿಂದ ಯಾರಿಗೂ ಉಪಕಾರವಿಲ್ಲ. ಯಾವ ಫೋನ್, ಆಂಡ್ರಾಯ್ಡಿನ ಯಾವ ಆವೃತ್ತಿ, ಯಾವ ನೆಟ್‌ವರ್ಕ್. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಇನ್ನೊಮ್ಮೆ ಮಾಡಿದಾಗಲೂ ಹಾಗೇ ಆಯಿತೇ. ಜತೆಗೊಂದು ಸ್ಕ್ರೀನ್‌ಶಾಟ್. ಇಷ್ಟನ್ನು ಕನ್ನಡದಲ್ಲೇ ಅಚ್ಚುಕಟ್ಟಾಗಿ ಬರೆದರೂ ಸಾಕು. ಹೀಗೆ ಬರೆಯಬಲ್ಲವನಿಗೆ ಸಾಫ್ಟ್‌ವೇರ್ ಲೋಕದಲ್ಲಿ ಕೆಲಸವೇ ಇದೆ. ಬಿ.ಎ. ಓದಿದವರೂ ಬಿ.ಕಾಂ. ಓದಿದವರೂ ಈ ಬಾಗಿಲಿನಿಂದ ಒಳಗೆ ಹೋಗಬಹುದು, ಕೋಡ್ ಗೊತ್ತಿರಬೇಕೆಂದಿಲ್ಲ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಪರೀಕ್ಷೆಯ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬಂದ, ಆ್ಯಪನ್ನು ನೇರವಾಗಿ ಅಳವಡಿಸುವ ಎಪಿಕೆ ಫೈಲನ್ನು ಯಾವ ಕಾರಣಕ್ಕೂ ಫೋನಿಗೆ ಹಾಕಬೇಡಿ. ಅಂಥ ಫೈಲುಗಳಿಂದ ಬ್ಯಾಂಕ್ ಖಾತೆ ಬರಿದಾದವರು ಎಲ್ಲ ಊರುಗಳಲ್ಲೂ ಇದ್ದಾರೆ. ಗೂಗಲ್ ಪ್ಲೇಯ ಪರೀಕ್ಷಾ ವಿಭಾಗದ ಮೂಲಕ, ಐಫೋನಾದರೆ ಟೆಸ್ಟ್‌ಫ್ಲೈಟ್ ಮೂಲಕ ಬಂದದ್ದನ್ನು ಮಾತ್ರ ಹಾಕಿ. ಅಲ್ಲೂ ಯಾರು ಕಟ್ಟಿದ್ದೆಂದು ತಿಳಿದ ಮೇಲೆ ಹಾಕಿ. ಬ್ರೌಸರ್ ಎಂದರೆ ನಿಮ್ಮ ಮನಸ್ಸಿನೊಳಗಿನ ಎಲ್ಲವೂ ಹಾದುಹೋಗುವ ಜಾಗ: ಕಾಯಿಲೆಯ ಹೆಸರು, ಸಾಲದ ಲೆಕ್ಕ, ಮದುವೆಯ ವಿಚಾರ. ಸಾಮಾಜಿಕ ಬ್ರೌಸರ್ ಅದರಲ್ಲಿ ಎಷ್ಟನ್ನು ಗೆಳೆಯರಿಗೆ ತೋರಿಸುತ್ತದೆ? ಕೇಳಿ ತೋರಿಸುತ್ತದೆಯೇ, ಕೇಳದೆಯೇ? ಖಾತೆ ಅಳಿಸಿದ ಮೇಲೆ ಹಳೆಯ ಟಿಪ್ಪಣಿಗಳು ನಿಜವಾಗಿ ಅಳಿಯುತ್ತವೆಯೇ? ಸಾಮಾನ್ಯವಾಗಿ ಒಪ್ಪಿಗೆ ಪಡೆಯದೆ ಯಾರ ಮಾಹಿತಿಯನ್ನೂ ಬಳಸಬಾರದೆಂದು, ಹದಿನೆಂಟರ ಒಳಗಿನವರಾದರೆ ಹೆತ್ತವರ ಇಲ್ಲವೇ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಕಾಗದದಲ್ಲಿದೆ. ಆ ಪ್ರಶ್ನೆಯನ್ನು ಆ್ಯಪ್ ಕಟ್ಟಿದವರ ಮುಂದಿಡುವ ಮೊದಲ ಜನ ಪರೀಕ್ಷಕರು. ಅಕ್ಷರದ ದೋಷ ಹುಡುಕಲು ಮರೆತರೂ ಇದನ್ನು ಮರೆಯಬೇಡಿ.

ಆ್ಯಪ್ ಕಟ್ಟುವವರೇ, ನಿಮಗೂ ಒಂದು ಮಾತು. ಹಣ ಕೊಟ್ಟರೆ ಹನ್ನೆರಡು ಹೆಸರು ಒದಗಿಸುವ ದಂಧೆ ಜಾಲದಲ್ಲಿದೆ, ಅತ್ತ ತಲೆ ಹಾಕಬೇಡಿ. ಹೆಸರು ಸಿಗುತ್ತದೆ, ಕಣ್ಣು ಸಿಗುವುದಿಲ್ಲ. ಜನರ ಬಳಿಗೆ ಹೋಗಿ, ಅರೆಬೆಂದದ್ದೆಂದು ಪ್ರಾಮಾಣಿಕವಾಗಿ ಹೇಳಿ, ಇಂಥದ್ದೊಂದನ್ನು ನೋಡಿಕೊಡಿ ಎಂದು ಕೇಳಿ. ಹೊಗಳಿದವರಿಗಿಂತ ಬೈದವರ ಮಾತನ್ನು ಮೊದಲು ಬರೆದುಕೊಳ್ಳಿ. ಅವರು ಹೇಳಿದ್ದನ್ನು ತಿದ್ದಿದ ದಿನವೇ ಅವರಿಗೆ ಕರೆಮಾಡಿ ತಿಳಿಸಿ. ತಾನು ಹೇಳಿದ್ದರಿಂದ ಒಂದು ಯಂತ್ರ ಬದಲಾಯಿತೆಂದು ಗೊತ್ತಾದ ಮನುಷ್ಯ ಮತ್ತೆ ನಿಮ್ಮನ್ನು ಬಿಡುವುದಿಲ್ಲ. ಆ್ಯಪಿನೊಳಗೆ ಅವರ ಒಪ್ಪಿಗೆ ಪಡೆದು ಅವರ ಹೆಸರುಗಳನ್ನೂ ಹಾಕಿ.

ಬೆಂಜನಪದವು, ಮಿಜಾರು, ತೋಡಾರು, ಉಜಿರೆ: ಸುತ್ತಮುತ್ತಲೇ ಇಷ್ಟು ಎಂಜಿನಿಯರಿಂಗ್ ಕಾಲೇಜುಗಳು, ಅವುಗಳ ನಡುವೆ ಒಂದು ಬಸ್ಸಿನ ದೂರ. ಪ್ರತಿ ವರ್ಷ ಇಲ್ಲಿ ಎಷ್ಟೋ ಪ್ರಾಜೆಕ್ಟುಗಳು ತಯಾರಾಗಿ, ಅಂಕ ಪಡೆದು, ಪೆನ್‌ಡ್ರೈವಿನಲ್ಲೇ ಉಳಿಯುತ್ತವೆ. ಪಕ್ಕದ ಪದವಿ ಕಾಲೇಜುಗಳಲ್ಲಿ ಕನ್ನಡ, ತುಳು ಬಲ್ಲ ಸಾವಿರಾರು ಮಂದಿ ಅದೇ ಫೋನ್ ಹಿಡಿದು ಕೂತಿದ್ದಾರೆ. ಕಟ್ಟುವವರೂ ಪರೀಕ್ಷಿಸುವವರೂ ಪರಸ್ಪರ ಪರಿಚಯವಾಗದೆ ಪದವಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವುದು ನನಗೆ ಸಹಿಸಲಾಗದ ನಷ್ಟ. ಕಾಲೇಜಿಗೊಂದು ಪರೀಕ್ಷಕರ ಬಳಗ ಮಾಡಿಕೊಳ್ಳಿ. ಕೊಠಡಿ ಬೇಡ, ಅನುದಾನ ಬೇಡ, ಉದ್ಘಾಟನೆಗೆ ಅತಿಥಿಗಳೂ ಬೇಡ. ಯಾರು ಹೊಸದನ್ನು ಕಟ್ಟಿದರೂ ಹದಿನಾಲ್ಕು ದಿನ ಪ್ರಾಮಾಣಿಕವಾಗಿ ಬಳಸಿ ವರದಿ ಕೊಡುತ್ತೇವೆ ಎಂಬ ಒಂದು ಮಾತು ಸಾಕು.

ಈ ವಾರವೇ ನಿಮ್ಮ ಕಾಲೇಜಿನಲ್ಲಿ ಆ್ಯಪ್ ಕಟ್ಟುತ್ತಿರುವ ಒಬ್ಬರನ್ನು ಹುಡುಕಿ. 'ನಾನು ನೋಡಿಕೊಡುತ್ತೇನೆ, ಇನ್ನು ಹನ್ನೊಂದು ಮಂದಿಯನ್ನೂ ಕರೆತರುತ್ತೇನೆ' ಎಂದು ಹೇಳಿ, ಕರೆತನ್ನಿ.